ಡಾಕ್ಟರ್ ಮೌಶಿಯ ಗಾಡಿಗೆ ಗಾಳಿ ಬೇಕು

ಗಾಡಿಯ ಬಾಗಿಲು ತೆಗೆದು ಡಾಕ್ಟರ್ ಮೌಶಿ ಮೊದಲು ತಾವು ಕೂರುತ್ತಿದ್ದರು. ಎಡಗಾಲು ಇನ್ನೂ ಹೊರಗೇ ಇರುತ್ತಿತ್ತು. ಅದಕ್ಕೆ ತೊಡೆಯಿಂದ ಹಿಮ್ಮಡಿಯವರೆಗೆ ಎರಡು ಕಬ್ಬಿಣದ ಪಟ್ಟಿ, ನಡುವೆ ಚರ್ಮದ ಬೆಲ್ಟುಗಳು, ಕೆಳಗೆ ಭಾರವಾದ ಕರಿಯ ಬೂಟು. ಮೊಣಕಾಲಿನ ಬಳಿಯ ಕೊಂಡಿಯನ್ನು ‘ಟಕ್’ ಎಂದು ಬಿಡಿಸಿ, ಆ ಕಾಲನ್ನು ಎರಡೂ ಕೈಗಳಿಂದ ಎತ್ತಿ ಒಳಗೆ ತಂದು, ರಬ್ಬರ್ ಮ್ಯಾಟಿನ ಮೇಲೆ ಇಟ್ಟು, ಸೀರೆಯ ನೆರಿಗೆ ಸರಿಮಾಡಿಕೊಂಡು, ಮೊಣಕಾಲನ್ನು ಒಮ್ಮೆ ತಟ್ಟಿ ಹೇಳುತ್ತಿದ್ದರು: “ಕುಂದ್ರಪಾ ಸಾಹೇಬಾ, ನಿನಗೇನೂ ಕೆಲಸಿಲ್ಲ.” ಗಾಡಿಯ ಕೀಲಿ ತಿರುಗುತ್ತಿದ್ದದ್ದು ಅದಾದ ಮೇಲೆಯೇ.

ಹಡಪಸರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅವರು. ಕಸುಬಿನಿಂದ ಹೆರಿಗೆ ಡಾಕ್ಟರು. ಊರಿನವರ ಬಾಯಲ್ಲಿ ಡಾಕ್ಟರಬಾಯಿ. ನಾನು ಮಾತ್ರ ಡಾಕ್ಟರ್ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ, ನಮ್ಮ ತಾಯಿಯ ಕಡೆಯವರಂತೆ ಅವರೂ ಗದುಗಿನವರೆಂಬ ಒಂದೇ ಆಧಾರದ ಮೇಲೆ. ತೊಂಬತ್ತರ ದಶಕದ ನಡುವೆ ವಿಜಾಪುರದಿಂದ ಪುಣೆಗೆ ಬಂದು ಅಲ್ಲೇ ಹಡಪಸರದ ಒಂದು ಕಾರ್ಖಾನೆಯಲ್ಲಿ ಡ್ರಾಯಿಂಗ್ ಬರೆಯುವ ಕೆಲಸಕ್ಕೆ ಸೇರಿದ್ದೆ. ಮಹಡಿಯ ಎರಡು ಕೋಣೆ ನನ್ನವು. ಕೆಳಗೆ ಅವರು ಮತ್ತು ಅವರ ಅಣ್ಣ. ಈ ಅಣ್ಣ ಅಂಚೆ ಇಲಾಖೆಯಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ತಂಗಿಯ ಮನೆಗೆ ಬಂದು ನೆಲೆಸಿದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಗದುಗಿನಲ್ಲಿ ತಂಗಿಗೆ ಪೋಲಿಯೋ ಆದ ಮೇಲೆ ಅವಳನ್ನು ದಿನಾಲು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬರುತ್ತಿದ್ದವರು ಇದೇ ಕಾಕಾ. ಹಾಗಾಗಿ ಜಗತ್ತಿನಲ್ಲಿ ಯಾರ ಮಾತನ್ನೂ ಕೇಳದ ಡಾಕ್ಟರ್ ಮೌಶಿ ಅಣ್ಣನ ಮಾತಿಗೆ ಮಾತ್ರ ಸ್ವಲ್ಪ ಹೆದರುತ್ತಿದ್ದರು.

ಗಾಡಿ ಮಾತ್ರ ಅಪರೂಪದ್ದು. ಯಾರೋ ಪರದೇಶದ ಅಧಿಕಾರಿ ಮುಂಬೈ ಬಿಟ್ಟು ಹೋಗುವಾಗ ಮಾರಿದ್ದ ನೀಲಿ ಬಣ್ಣದ ಆಟೋಮ್ಯಾಟಿಕ್ ಕಾರು. ಅದಕ್ಕೆ ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಅಂಥದೊಂದು ಗಾಡಿ ಇದೆಯೆಂದು ಕೇಳಿದ ದಿನವೇ ಹೋಗಿ ತಂದರಂತೆ. ಆಗಿನ ಪುಣೆಯಲ್ಲಿ ಆಟೋಮ್ಯಾಟಿಕ್ ಎಂದರೆ ಜನ ಕೈಗಡಿಯಾರ ಎಂದು ತಿಳಿಯುತ್ತಿದ್ದರು. ಪೆಟ್ರೋಲ್ ಪಂಪಿನ ಹುಡುಗರು ಒಳಗೆ ಬಗ್ಗಿ, ಪೆಡಲುಗಳನ್ನು ಎಣಿಸಿ, ಒಂದು ಕಳುವಾಗಿದೆಯೇನೋ ಎಂಬಂತೆ ಇವರ ಮುಖ ನೋಡುತ್ತಿದ್ದರು. ಇವರಿಗೆ ಅದೊಂದು ಖುಷಿ.

ಹಡಪಸರದಲ್ಲಿ ದವಾಖಾನೆ ಇತ್ತು. ಆದರೆ ಅವರ ಜೀವ ಇದ್ದದ್ದು ಸಾಸವಡದಲ್ಲಿ. ದಿವೇ ಘಾಟ್ ಹತ್ತಿ ಆಚೆ ಹೋದರೆ ಸಾಸವಡ. ವಾರದಲ್ಲಿ ಎರಡು ದಿನ ಅಲ್ಲಿಗೆ ಹೋಗಿ ಬಸುರಿಯರನ್ನು ನೋಡುತ್ತಿದ್ದರು. ನಡುವೆ ಯಾರಿಗಾದರೂ ಕಷ್ಟವಾದರೆ ಫೋನ್ ಬಂದ ಕೂಡಲೇ ಹೊರಡುತ್ತಿದ್ದರು. ಸುತ್ತಲ ಹಳ್ಳಿಗಳ ಹೆಂಗಸರು ಸೀತಾಫಲ, ಅಂಜೂರ ಕಟ್ಟಿಕೊಂಡು ಬಂದು ಕಾಯುತ್ತಿದ್ದರು. ರಜೆಯಿದ್ದ ದಿನ ನಾನೂ ಜೊತೆಗೆ ಹೋಗುತ್ತಿದ್ದೆ, ಸುಳ್ಳೇಕೆ, ಸೀತಾಫಲದ ಆಸೆಗೆ. ಘಾಟಿನ ಕೊನೆಯ ತಿರುವು ದಾಟಿ ಬಯಲು ಕಂಡಾಗ ಡಾಕ್ಟರ್ ಮೌಶಿ ಎಡಮೊಣಕಾಲನ್ನು ಮತ್ತೊಮ್ಮೆ ತಟ್ಟುತ್ತಿದ್ದರು. “ಹತ್ತಿದ್ವಿ ನೋಡು,” ಎನ್ನುತ್ತಿದ್ದರು. ಈ ಮಾತು ನನಗಲ್ಲ, ಕಾಲಿಗೆ.

ನನಗೆ ಗಾಡಿ ಕಲಿಸಿದವರೂ ಅವರೇ. ಬ್ರೇಕ್ ಒತ್ತು ಎಂದಾಗಲೆಲ್ಲ ನನ್ನ ಎಡಗಾಲು ತಾನೂ ಇದ್ದೇನೆಂದು ಮುಂದೆ ನುಗ್ಗುತ್ತಿತ್ತು, ಇಬ್ಬರ ಹಣೆಯೂ ಗಾಜಿಗೆ ಬಡಿಯುವಂತೆ ಗಾಡಿ ನಿಲ್ಲುತ್ತಿತ್ತು. “ಏ ಹುಡುಗಿ, ಅದನ್ನ ಹಿಂದ ಸರಿಸಿ ಇಡು. ಎಡಗಾಲಿಗೆ ರಜಾ ಕೊಡು. ನನ್ನದು ನೋಡು, ಸಣ್ಣಾಕಿ ಇದ್ದಾಗಿಂದ ರಜಾದ ಮ್ಯಾಲ ಅದ, ಪಗಾರ ಮಾತ್ರ ಪೂರಾ ತಗೋತದ.” ಸ್ವಂತ ಕಾಲನ್ನು ಇಷ್ಟು ಸಲೀಸಾಗಿ ಹಾಸ್ಯ ಮಾಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಬೇರೆ ಯಾರಾದರೂ ಅಯ್ಯೋ ಎಂದರೆ ಮಾತ್ರ ಅವರ ಕಥೆ ಮುಗಿಯಿತು.

ಒಂದು ಬೇಸಿಗೆಯಲ್ಲಿ ಗಾಡಿ ಘಾಟಿನ ನಡುವೆ ನಿಂತಿತು. ಮುಂದೆ ಕಲ್ಲು ತುಂಬಿದ ಲಾರಿಗಳ ಸಾಲು, ಆಮೆಯ ವೇಗ. ಎಂಜಿನ್ನು ಅರಚುತ್ತಿದೆ, ಚಕ್ರ ಮಾತ್ರ ಅಲುಗುತ್ತಿಲ್ಲ. ಒಳಗೆಲ್ಲ ಹೊತ್ತಿದ ವಾಸನೆ. ಬದಿಗೆ ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಹೇಗೋ ಮನೆಗೆ ತಂದರು. ಮಳೆ ಬೀಳುವ ಮೊದಲು ಇನ್ನೊಮ್ಮೆ ಹಾಗೇ ಆಯಿತು. ಆ ಸಲ ಒಬ್ಬರೇ ಇದ್ದರು. ಇಳಿದು ನಿಲ್ಲಲೂ ಜಾಗವಿಲ್ಲದ ತಿರುವು. ಒಂದು ಟೆಂಪೋದವನು ಕರೆತಂದು ಮನೆಗೆ ಬಿಟ್ಟ. ಕಾಕಾ ಅಂದು ಊಟ ಮಾಡಲಿಲ್ಲ.

“ಸಾಕವಾ ಇನ್ನ. ಆ ಗಾಡಿ ಮಾರಿಬಿಡೂಣು,” ಎಂದರು ಕಾಕಾ. “ಬ್ಯಾರೆ ಗಾಡಿ ತಗೊ, ಒಬ್ಬ ಡ್ರೈವರ್‌ನ ಇಟ್ಟುಕೊ.”

“ಡ್ರೈವರ್ ಊಟಕ್ಕ ಹೋದಾಗ ಯಾರಿಗರೆ ಬ್ಯಾನಿ ಬಂದ್ರ ಏನಂತ ಹೇಳ್ಲಿ? ಸ್ವಲ್ಪ ತಡಿಯವಾ, ಡ್ರೈವರ್ ಕೈ ತೊಳಕೊಂಡು ಬರ್ತಾನ ಅನ್ಲೇನು?”

“ಹಂಗಾರ ಸಾಸವಡ ಬಿಡು. ಇಲ್ಲೇ ದವಾಖಾನಿ ನೋಡು. ವಯಸ್ಸಾತು ನಿನಗೂ.”

ಡಾಕ್ಟರ್ ಮೌಶಿ ಎದ್ದು ಒಳಗೆ ಹೋದರು. ಆ ದಿನ ಅವರ ಬೂಟಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು, ಅತ್ತಿಂದಿತ್ತ, ಇತ್ತಿಂದತ್ತ. ಗಾಡಿ ಹೋದರೆ ಅವರ ಪಾಲಿಗೆ ಘಾಟ್ ಮುಚ್ಚಿದಂತೆಯೇ. ಯಾರೋ ಕರೆದುಕೊಂಡು ಹೋದರೆ ಹೋಗುವುದು, ಇಲ್ಲದಿದ್ದರೆ ಕೂರುವುದು. ಚಿಕ್ಕಂದಿನಿಂದ ಅವರು ಓಡಿ ತಪ್ಪಿಸಿಕೊಂಡದ್ದು ಅದರಿಂದಲೇ.

ಪುಣೆಯ ನಾನಾ ಪೇಟೆಯಲ್ಲಿದ್ದ ರಿಪೇರಿ ಮಿಸ್ತ್ರಿಯ ಹತ್ತಿರ ಗಾಡಿ ಹೋಯಿತು. ಸಾಧು ಮನುಷ್ಯ, ಆದರೆ ಈ ಜಾತಿಯ ಗಿಯರ್‌ಬಾಕ್ಸನ್ನು ಅವನೂ ಹೆಚ್ಚು ಬಿಚ್ಚಿದವನಲ್ಲ. “ಬಾಈ, ಗಿಯರಚೀ ಗಾಡೀ ಘ್ಯಾ,” ಗಿಯರಿನ ಗಾಡಿಯನ್ನೇ ಕೊಳ್ಳಿ ಎಂದು ಅವನ ಸಲಹೆ. ಡಾಕ್ಟರ್ ಮೌಶಿ ಗಿಯರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ತಮ್ಮ ಬ್ಯಾಗಿನಿಂದ ಗಾಯಕ್ಕೆ ಕಟ್ಟುವ ಬಿಳಿಯ ಬಟ್ಟೆ ತೆಗೆದು ಅದಕ್ಕೆ ಒರೆಸಿ ಬಿಸಿಲಿಗೆ ಹಿಡಿದರು. ಕೆಂಪಗಿರಬೇಕಾದ ಎಣ್ಣೆ ಕಂದು ಬಣ್ಣಕ್ಕೆ ತಿರುಗಿತ್ತು. ಮೂಸಿದರು. “ಜ್ವರ ಬಂದದ. ಆದ್ರ ಜ್ವರನ ರೋಗ ಅಲ್ಲ. ರೋಗ ಬ್ಯಾರೆ ಕಡೆ ಇರತದ, ಅದನ್ನ ಹುಡುಕಬೇಕು.” ಅವರ ದವಾಖಾನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಮಾತು ಇದು. ಮಿಸ್ತ್ರಿ ತಲೆ ಕೆರೆದುಕೊಂಡ.

ಈಗ ನನ್ನ ಪಾಲಿನ ಕಥೆ ಸ್ವಲ್ಪ ಹೇಳಬೇಕು. ನಮ್ಮ ಕಾರ್ಖಾನೆಯಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ದೊಡ್ಡ ಪ್ರೆಸ್ಸುಗಳು ತಯಾರಾಗುತ್ತಿದ್ದವು. ದಿನವಿಡೀ ಓಡಿದರೆ ಅವುಗಳ ಎಣ್ಣೆಯೂ ಕಾಯುತ್ತದೆ. ಅದಕ್ಕೇ ಪಕ್ಕದಲ್ಲಿ ಒಂದು ಆಯಿಲ್ ಕೂಲರ್ ಕೂರಿಸುತ್ತಾರೆ. ತೆಳು ಪಟ್ಟಿಗಳ ನಡುವಿನ ಕೊಳವೆಗಳಲ್ಲಿ ಎಣ್ಣೆ ಹರಿಯುತ್ತದೆ, ಪಟ್ಟಿಗಳ ಸಂದಿಯಲ್ಲಿ ಗಾಳಿ ಹಾಯುತ್ತದೆ, ಎಣ್ಣೆ ತಣ್ಣಗಾಗಿ ವಾಪಸಾಗುತ್ತದೆ. ಅದರ ಚಿತ್ರ ಬರೆದು ಬರೆದು ನನಗೆ ಸಾಕಾಗಿತ್ತು. ಡಾಕ್ಟರ್ ಮೌಶಿಯ ಗಾಡಿಯಲ್ಲಿ ಗಿಯರ್‌ಬಾಕ್ಸಿನ ಎಣ್ಣೆ, ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿನ ತಳದಲ್ಲಿ ಒಂದು ಸುತ್ತು ಹೊಡೆದು ಬರುತ್ತಿತ್ತು, ಅಷ್ಟೇ. ಅಂದರೆ ಬಿಸಿ ಎಣ್ಣೆಯನ್ನು ಬಿಸಿ ನೀರು ತಣಿಸಬೇಕು. ಚಳಿ ದೇಶಕ್ಕೆ ಸಾಕಾದೀತು. ಲಾರಿಗಳ ಹಿಂದೆ ತೆವಳುತ್ತ ದಿವೇ ಘಾಟ್ ಹತ್ತುವುದಕ್ಕೆ ಅದು ಯಾವ ಮೂಲೆಗೂ ಸಾಲದು. ಎಣ್ಣೆ ಅತಿಯಾಗಿ ಕಾದರೆ ಗಿಯರ್ ಹಿಡಿಯುವುದಿಲ್ಲ, ಚಕ್ರಕ್ಕೆ ಬಲ ಸೇರುವುದಿಲ್ಲ.

“ಮೌಶಿ, ಇನ್ನೊಂದು ಕೂಲರ್ ಹಾಕಿಸೂಣೇನ್ರಿ? ರೇಡಿಯೇಟರಿನ ಮುಂದ, ಗಾಳಿಗೆ ಒಡ್ಡಿ?” ಎಂದು ಕೇಳಿದೆ.

ಅವರು ಚಹಾದ ಬಸಿ ಕೆಳಗಿಟ್ಟರು. “ತಲಿ ಮ್ಯಾಲ ಒದ್ದಿ ಬಟ್ಟಿ ಹಾಕಿದಂಗಲ್ಲಾ? ಯಾಕ ಸುಮ್ಮನಿದ್ದಿ ಇಷ್ಟು ದಿನಾ?”

“ನೀವು ಕೇಳಲಿಲ್ರಿ.”

“ಕೇಳದನ ಮಾತಾಡೂದು ನಿನಗ ಬ್ಯಾರೆ ವಿಷಯಕ್ಕೆಲ್ಲಾ ಬರತದ,” ಎಂದರು. ಆ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡು ನನಗೂ ಜೀವ ಬಂದಂತಾಯಿತು.

ನಮ್ಮ ಕಾರ್ಖಾನೆಗೆ ಕೂಲರ್ ಮಾಡಿಕೊಡುವವರ ಬಳಿಯೇ ಸಣ್ಣದೊಂದನ್ನು ಮಾಡಿಸಿದೆವು. ಅದನ್ನು ಹಿಡಿದು ನಿಲ್ಲಿಸುವ ಬ್ರ್ಯಾಕೆಟ್ಟಿನ ಚಿತ್ರ ನಾನು ಬರೆದೆ. ರೇಡಿಯೇಟರಿನಿಂದ ಹೊರಬಂದ ಎಣ್ಣೆ ಮತ್ತೆ ಈ ಕೂಲರಿನಲ್ಲಿ ಹಾದು ಆಮೇಲೆ ಗಿಯರ್‌ಬಾಕ್ಸಿಗೆ ಮರಳುವಂತೆ ಮಿಸ್ತ್ರಿ ಪೈಪು ಜೋಡಿಸಿದ. ಡಾಕ್ಟರ್ ಮೌಶಿ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಆಪರೇಶನ್ ನಡೆದಂತೆ ನೋಡುತ್ತಿದ್ದರು. ಅವನು ಪೈಪಿನ ತುದಿಗೆ ತಂತಿ ಸುತ್ತಲು ಹೋದಾಗ ಮರಾಠಿಯಲ್ಲಿ ಗದರಿಸಿದರು, ಹೊಲಿಗೆ ಹಾಕುವುದಾದರೆ ಸರಿಯಾಗಿ ಹಾಕು, ಬಿಚ್ಚಿಕೊಂಡರೆ ರೋಗಿ ನಡುದಾರಿಯಲ್ಲಿ ಸಾಯುತ್ತಾನೆ, ಎಂದು. ಅವನು ನಗುತ್ತ ಕ್ಲಿಪ್ಪು ಹಾಕಿ ಬಿಗಿದ. ಹಳೆಯ ಎಣ್ಣೆ ತೆಗೆದು ಹೊಸದು ಹಾಕಿಸಿದರು. ಎಣ್ಣೆಯ ಬಿಸಿ ತೋರಿಸುವ ಒಂದು ಮೀಟರನ್ನೂ ಮುಂದೆ ಕೂರಿಸಿದರು. ಅದಕ್ಕೆ ಥರ್ಮಾಮೀಟರ್ ಎಂದೇ ಅವರು ಹೆಸರಿಟ್ಟರು.

ಮಳೆಗಾಲವೆಲ್ಲ ಗಾಡಿ ಚೆನ್ನಾಗಿ ಓಡಿತು. ಮೀಟರಿನ ಮುಳ್ಳು ನಡುವಿನ ಗೆರೆಯ ಕೆಳಗೇ ಇತ್ತು. ಕಾಕಾ ಮಾತ್ರ ಒಪ್ಪಲಿಲ್ಲ. ಮಳೆಯಲ್ಲಿ ಕಲ್ಲೂ ತಣ್ಣಗಿರುತ್ತದೆ, ಬಿಸಿಲು ಬರಲಿ, ಎಂದರು. ಅಷ್ಟರಲ್ಲಿ ಗಾಡಿ ಕೊಳ್ಳುವವರೊಬ್ಬರನ್ನೂ ಹುಡುಕಿ ಇಟ್ಟಿದ್ದರು. ಕೊನೆಗೆ ಅಣ್ಣ ತಂಗಿಯರ ನಡುವೆ ಒಪ್ಪಂದವಾಯಿತು. ದಸರೆಯ ಮರುದಿನ ಕಾಕಾ ತಾವೇ ಜೊತೆಗೆ ಬರುತ್ತಾರೆ. ಗಾಡಿ ನಿಲ್ಲದೆ ಘಾಟ್ ಹತ್ತಿದರೆ ಅವರು ಇನ್ನು ಬಾಯಿ ಬಿಡುವುದಿಲ್ಲ. ನಡುವೆ ನಿಂತರೆ ಕೀಲಿ ಅವರ ಕೈಗೆ.

“ಮಾತು ಕೊಟ್ಟೆ,” ಎಂದರು ಡಾಕ್ಟರ್ ಮೌಶಿ. ಮಾತು ಕೊಟ್ಟರೆ ತಪ್ಪುವವರಲ್ಲ ಅವರು. ನನಗೆ ಅದೇ ದಿಗಿಲು.

ದಸರೆಗೆ ಗಾಡಿಗೆ ಪೂಜೆ ಮಾಡುವುದು ಕಾಕಾನ ಹಕ್ಕು. ಬೆಳಿಗ್ಗೆಯೇ ಮಂಡಿಗೆ ಹೋಗಿ ಚೆಂಡುಹೂ ತಂದು, ಅಂಗಳದಲ್ಲಿ ಕೂತು ತಾವೇ ಮಾಲೆ ಕಟ್ಟಿದರು. ಆ ವರ್ಷ ಮಾಲೆ ತೋಳಿನಷ್ಟು ದಪ್ಪ. ಮುಂದಿನ ಜಾಲರಿಯ ಮೇಲೆ ಒಂದೇ ಸುತ್ತಿನ ಬದಲು ಸುತ್ತಿನ ಮೇಲೆ ಸುತ್ತು ಕಟ್ಟಿದರು, ನಡುನಡುವೆ ಮಾವಿನ ಎಲೆ ಸಿಕ್ಕಿಸಿದರು. ಕುಂಕುಮ ಹಚ್ಚಿ, ಕಾಯಿ ಒಡೆದು, ಬಹಳ ಹೊತ್ತು ಕೈ ಮುಗಿದು ನಿಂತರು. ಗಾಡಿ ನಿಲ್ಲಲಿ ಎಂದು ಬೇಡಿದರೋ, ನಿಲ್ಲದಿರಲಿ ಎಂದು ಬೇಡಿದರೋ ಅವರಿಗೇ ಗೊತ್ತು. ಮಾಲೆಯ ವಿಷಯದಲ್ಲಿ ಅವರದೊಂದು ನಿಯಮವೂ ಇತ್ತು. ಪೂಜೆಯ ಮಾಲೆಯನ್ನು ಕೈಯಿಂದ ತೆಗೆಯಬಾರದು, ಒಣಗಿ ತಾನಾಗಿ ಬೀಳಬೇಕು.

ಮರುದಿನ ಹೊರಟೆವು. ಸಾಸವಡದ ಹೆಂಗಸರಿಗೆ ಹಂಚಲು ಬನ್ನಿಯ ಎಲೆಗಳ ಚೀಲ ನನ್ನ ತೊಡೆಯ ಮೇಲೆ. ಮುಂದೆ ತಂಗಿಯ ಪಕ್ಕ ಕಾಕಾ, ಇಸ್ತ್ರಿ ಮಾಡಿದ ಧೋತರ, ತಲೆಗೆ ಕರಿ ಟೋಪಿ. ಬಿಸಿಲು ಚುರುಗುಟ್ಟುತ್ತಿತ್ತು. ಘಾಟ್ ಶುರುವಾಗುತ್ತಲೇ ಮುಂದೆ ಲಾರಿಗಳ ಸಾಲು ಸಿಕ್ಕಿತು. ಒಳ್ಳೆಯದೇ ಆಯಿತು, ಸರಿಯಾದ ಪರೀಕ್ಷೆ, ಎಂದುಕೊಂಡೆ. ಎರಡನೆಯ ತಿರುವಿನಲ್ಲಿ ಮುಳ್ಳು ನಡುವಿನ ಗೆರೆ ದಾಟಿತು. ಕೆಳಗೆ ಮಸ್ತಾನಿ ಕೆರೆ ಕಾಣುವ ಹೊತ್ತಿಗೆ ಕೆಂಪು ಗೆರೆಯ ಹತ್ತಿರ ಬಂತು. ಹಿಂದಿನ ಸೀಟಿನಿಂದ ಬಗ್ಗಿ ನಾನು ಆ ಮುಳ್ಳನ್ನೇ ನೋಡುತ್ತಿದ್ದೆ. ನನ್ನ ಚಿತ್ರ, ನನ್ನ ಕೂಲರ್, ನನ್ನ ದೊಡ್ಡ ಮಾತು.

ಡಾಕ್ಟರ್ ಮೌಶಿ ರಸ್ತೆ ಅಗಲವಿದ್ದ ಕಡೆ ಬದಿಗೆ ತೆಗೆದು ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ. ಕಾಕಾ ಮೆಲ್ಲಗೆ ಅಂಗೈ ಚಾಚಿದರು. ಗೆದ್ದ ಮುಖವಲ್ಲ ಅದು, ಅವರ ಕಣ್ಣಲ್ಲಿ ನೀರಿತ್ತು. “ಆತವಾ. ಕೊಡು ಕೀಲಿ.”

“ರೋಗಿ ಇನ್ನ ಉಸಿರಾಡ್ಲಿಕ್ಕೆ ಹತ್ತೇದ. ನಾ ನೋಡ್ದನ ಸರ್ಟಿಫಿಕೇಟ್ ಬರಿಯೂದಿಲ್ಲ,” ಎಂದು ಅವರು ಕೊಂಡಿ ಬಿಗಿದುಕೊಂಡು ಇಳಿದರು. ನಾನು ಬಾನೆಟ್ ಎತ್ತಿದೆ. ಪೈಪುಗಳು ಗಟ್ಟಿಯಾಗಿದ್ದವು, ಎಲ್ಲೂ ಎಣ್ಣೆ ಸೋರಿರಲಿಲ್ಲ, ಫ್ಯಾನ್ ಜೋರಾಗಿ ತಿರುಗುತ್ತಿತ್ತು. ನನಗೆ ಏನೂ ತೋಚಲಿಲ್ಲ. ಡಾಕ್ಟರ್ ಮೌಶಿ ಗಾಡಿಯ ಮುಂದೆ ಬಂದು ನಿಂತು, ಒಳಗೆ ಗಾಳಿ ಎಳೆದುಕೊಳ್ಳುತ್ತಿದೆಯೇ ಎಂದು ನೋಡಲು ಜಾಲರಿಯ ಮೇಲೆ ಅಂಗೈ ಇಟ್ಟರು. ಅಂಗೈಗೆ ಸಿಕ್ಕದ್ದು ಹೂವು. ಇನ್ನೊಂದು ಕಡೆ ಇಟ್ಟರು, ಅಲ್ಲೂ ಹೂವು. ಬೆರಳು ತೂರಿಸಿ ನೋಡಿದರು. ಅಣ್ಣನ ಕಡೆ ತಿರುಗಿದರು.

“ಅಣ್ಣಾ, ನೀ ಇದರ ಮೂಗು ಬಾಯಿ ಎರಡೂ ಕಟ್ಟಿಯಲ್ಲೋ!”

ಕಾಕಾ ಇಳಿದು ಬಂದರು. ಡಾಕ್ಟರ್ ಮೌಶಿ ಮಾಲೆಗೆ ಕೈ ಹಾಕಿದಾಗ ಅವರು ತಡೆಯಲು ಹೋಗಿ ತಾವೇ ನಿಂತರು. ಮಾಲೆ ಕಳಚಿತು. ಅದರ ಹಿಂದೆ ನನ್ನ ಕೂಲರಿನ ಸಂದಿಸಂದಿಗಳಲ್ಲಿ ಹಳದಿ ಎಸಳುಗಳು ಒತ್ತಾಗಿ ತುಂಬಿಕೊಂಡಿದ್ದವು, ಫ್ಯಾನು ಎಳೆದೆಳೆದು ಜಮಾಯಿಸಿದ್ದು. ನಾನು ತಲೆಯ ಪಿನ್ನಿನಿಂದ ಒಂದೊಂದನ್ನೇ ಕಿತ್ತೆ. ಕಾಕಾ ನೆಲದ ಮೇಲೆ ಕೂತು, ಟೋಪಿ ತೆಗೆದು, ತಾವೂ ಉಗುರಿನಿಂದ ಎಸಳು ತೆಗೆಯಲು ಶುರು ಮಾಡಿದರು. “ನಿನಗ ಏನೂ ಆಗಬಾರದು ಅಂತ ಭಾಳ ಕಟ್ಟಿದೆನವಾ,” ಎಂದರು.

ಡಾಕ್ಟರ್ ಮೌಶಿ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಗಾಡಿಗೆ ಒರಗಿ, ಕಣ್ಣೊರೆಸಿಕೊಳ್ಳುತ್ತ ನಕ್ಕರು. ಆ ದಪ್ಪ ಮಾಲೆಯನ್ನು ತಂದು ಅಣ್ಣನ ಕೊರಳಿಗೆ ಹಾಕಿದರು. ಪಕ್ಕದಲ್ಲಿ ಹಾದುಹೋಗುತ್ತಿದ್ದ ಲಾರಿಯವನು ಯಾವುದೋ ಚುನಾವಣೆ ಗೆದ್ದವರೆಂದು ತಿಳಿದು ಹಾರ್ನ್ ಹೊಡೆದು ಕೈಬೀಸಿದ. ಕಾಕಾ ಆ ಮಾಲೆಯಲ್ಲೇ ಕೂತು ಎಸಳು ಕೀಳುತ್ತಿದ್ದರು.

ಗಾಡಿ ನಿಂತಲ್ಲೇ ಓಡುತ್ತಿರಲು, ಮುಳ್ಳು ನಿಧಾನವಾಗಿ ಕೆಳಗಿಳಿಯಿತು. ಜ್ವರ ಇಳಿದ ಮಗುವಿನ ಹಣೆ ಮುಟ್ಟಿ ನೋಡಿದಾಗ ಆಗುವ ನಿರಾಳ ನನಗೆ ಆವತ್ತು ಒಂದು ಮೀಟರನ್ನು ನೋಡಿ ಆಯಿತು. ಮತ್ತೆ ಹೊರಟೆವು. ಮುಂದೆ ಅದೇ ಲಾರಿಗಳು, ಅದೇ ಬಿಸಿಲು. ಮುಳ್ಳು ಗೆರೆಯ ಕೆಳಗೇ ಕೂತಿತು. ಕೊನೆಯ ತಿರುವು ದಾಟಿದಾಗ ಡಾಕ್ಟರ್ ಮೌಶಿ ಮೊಣಕಾಲು ತಟ್ಟಿ, “ಹತ್ತಿದ್ವಿ ನೋಡು,” ಎಂದರು. ಆಮೇಲೆ ತಾವಾಗಿ ಕೀಲಿಯ ವಿಷಯ ತೆಗೆದರು. “ಅಣ್ಣಾ, ಗಾಡಿ ನಡುವ ನಿಂತಿದ್ದಂತೂ ಖರೆ. ಮಾತು ಕೊಟ್ಟೇನಿ. ಬೇಕಂದ್ರ ಕೀಲಿ ತಗೊ.”

ಕಾಕಾ ಕಿಟಕಿಯ ಆಚೆ ನೋಡುತ್ತ ಹೇಳಿದರು: “ಗಾಡಿ ಎಲ್ಲೆ ನಿಂತಿತ್ತು? ನಾ ನಿಲ್ಲಿಸಿದ್ದೆ.”

ಅಂದಿನಿಂದ ಕೂಲರಿನ ಪ್ರಚಾರವನ್ನು ಕಾಕಾ ತಾವೇ ವಹಿಸಿಕೊಂಡರು. ಮನೆಗೆ ಬಂದವರನ್ನು ಅಂಗಳಕ್ಕೆ ಕರೆದೊಯ್ದು, ಜಾಲರಿಯೊಳಗೆ ಬಗ್ಗಿ ತೋರಿಸಿ, ಎಣ್ಣೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ವಿವರಿಸುತ್ತಿದ್ದರು. ಅರ್ಧ ತಪ್ಪು ಹೇಳುತ್ತಿದ್ದರು. ನಾನು ತಿದ್ದಲಿಲ್ಲ. ಮುಂದಿನ ವರ್ಷದಿಂದ ದಸರೆಯ ಮಾಲೆ ಗಾಡಿಯ ಹಿಂಬದಿಗೆ ಹೋಯಿತು. ಓಣಿಯವರು ನಕ್ಕರೂ ಕಾಕಾ ಕ್ಯಾರೇ ಎನ್ನಲಿಲ್ಲ.

ಆ ಗಾಡಿ ಇನ್ನೂ ಅನೇಕ ವರ್ಷ ಘಾಟ್ ಹತ್ತಿತು. ನನ್ನ ಮಗಳು ಹುಟ್ಟಿದ್ದೂ ಡಾಕ್ಟರ್ ಮೌಶಿಯ ಕೈಯಲ್ಲೇ. ಅವಳನ್ನು ಮೊದಲ ಸಲ ನನ್ನ ಮಡಿಲಿಗೆ ಹಾಕುವಾಗ, “ಎರಡೂ ಕಾಲು ಒದಿತಾಳ, ಗಿಯರಿನ ಗಾಡಿ ಹೊಡಿಯಾಕಿ ಇಕಿ,” ಎಂದಿದ್ದರು. ಇಂದು ನಾನು ಯಾರನ್ನೂ ಕಾಯದೆ, ಬೇಕಾದ ಕಡೆ ಗಾಡಿ ಹೊಡೆದುಕೊಂಡು ಹೋಗುತ್ತೇನೆ. ಇಂಥ ಹೆಂಗಸು ನಾನಾದದ್ದು ಅವರ ಪಕ್ಕದ ಸೀಟಿನಲ್ಲಿ ಕೂತು. ಆ ಋಣ ತೀರುವಂಥದ್ದಲ್ಲ, ತೀರಿಸಬೇಕೆಂಬ ಆಸೆಯೂ ನನಗಿಲ್ಲ.

ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಡಾಕ್ಟರ್ ಮೌಶಿ ಏಳಲಿಲ್ಲ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಹಿಂದಿನ ದಿನವಷ್ಟೇ ಸಾಸವಡಕ್ಕೆ ಹೋಗಿ ಬಂದಿದ್ದರು. ಸುದ್ದಿ ತಿಳಿದು ಅಲ್ಲಿನವರು ಬಂದರು, ಒಮ್ಮೆ ಅಲ್ಲಿಗೆ ಕರೆತನ್ನಿ, ನಮ್ಮ ಹೆಂಗಸರು ನೋಡಬೇಕು ಎಂದು ಕೈ ಮುಗಿದರು. ಕಾಕಾ ಆಗಲಿ ಎಂದರು. ಶವ ಸಾಗಿಸುವ ವ್ಯಾನ್ ಬಂತು. ಓಣಿಯ ಜನ ಹೂ ತಂದು ವ್ಯಾನಿನ ಮುಂಭಾಗವನ್ನೆಲ್ಲ ಮುಚ್ಚಿಬಿಟ್ಟರು, ಚೆಂಡುಹೂ, ಸೇವಂತಿ, ಗುಲಾಬಿ.

ಕಾಕಾ ಕೋಲೂರಿಕೊಂಡು ಹೊರಗೆ ಬಂದು ನೋಡಿದರು. ವ್ಯಾನಿನ ಮುಂದೆ ಹೋಗಿ, ಕೋಲನ್ನು ನನ್ನ ಕೈಗೆ ಕೊಟ್ಟು, ಜಾಲರಿಯ ಮೇಲಿನ ಮಾಲೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಯಾರೋ, ಮುದುಕರಿಗೆ ದುಃಖದಲ್ಲಿ ತಿಳಿಯುತ್ತಿಲ್ಲವೆಂದು ಹಿಡಿಯಲು ಹೋದರು. “ಮುಂದ ಬ್ಯಾಡ್ರಿ,” ಎಂದರು ಕಾಕಾ. “ಘಾಟ್ ಹತ್ತಬೇಕು. ಗಾಡಿಗೆ ಗಾಳಿ ಬೇಕು.” ನಾನೂ ಅವರ ಜೊತೆ ನಿಂತು ಬಿಚ್ಚಿದೆ. ಎಲ್ಲ ಹೂವನ್ನೂ ಹಿಂದಿನ ಬಾಗಿಲಿಗೆ ಕಟ್ಟಿದೆವು.

ವ್ಯಾನಿನಲ್ಲಿ ಕಾಕಾ ತಂಗಿಯ ಬದಿಯಲ್ಲಿ ಕೂತರು, ಎದುರಿಗೆ ನಾನು. ಕಬ್ಬಿಣದ ಪಟ್ಟಿಗಳನ್ನು ಮನೆಯಲ್ಲೇ ಬಿಚ್ಚಿಟ್ಟಿದ್ದೆವು. ಬಿಳಿ ಬಟ್ಟೆಯ ಕೆಳಗೆ ಎರಡು ಕಾಲೂ ಹಗುರಾಗಿ ಮಲಗಿದ್ದವು. ಘಾಟಿನಲ್ಲಿ ಲಾರಿಗಳಿದ್ದವು, ಬಿಸಿಲಿತ್ತು. ಕಾಕಾ ನಡುವಿನ ಕಿಟಕಿಯಿಂದ ಬಗ್ಗಿ ಡ್ರೈವರನಿಗೆ ಮರಾಠಿಯಲ್ಲಿ ಕೇಳುತ್ತಲೇ ಇದ್ದರು, ಮುಳ್ಳು ಎಲ್ಲಿದೆ ಎಂದು. ಅವನು ಬೇಸರಿಸದೆ, ಕೆಳಗೇ ಇದೆ ಕಾಕಾ, ಎಂದು ಹೇಳುತ್ತಿದ್ದ. ವ್ಯಾನ್ ಎಲ್ಲೂ ನಿಲ್ಲಲಿಲ್ಲ. ಕೊನೆಯ ತಿರುವು ದಾಟಿ ಬಯಲು ಕಂಡಿತು.

ಕಾಕಾ ಹಿಂದಕ್ಕೆ ಸರಿದು ಕೂತರು. ಬಟ್ಟೆಯ ಮೇಲಿನಿಂದಲೇ ಕೈಯಾಡಿಸಿ ತಂಗಿಯ ಎಡಮೊಣಕಾಲನ್ನು ಹುಡುಕಿ, ಮೆಲ್ಲಗೆ ತಟ್ಟಿದರು.

“ಹತ್ತಿದ್ವಿ ನೋಡವಾ,” ಎಂದರು.